ಮಾರುವ ಗಾಡಿಗೆ ಪುಣ್ಯಾಹ

ಎರಡನೇ ಗೇರು ಹಾಕುವಾಗ ನಿಶಾಳ ಕೈ ಗೇರಿನ ಕೋಲನ್ನು ತುಸು ಎಡಕ್ಕೆ ಒತ್ತಿಕೊಂಡು ಆಮೇಲೆ ಕೆಳಕ್ಕೆ ಎಳೆಯಿತು. ಹೀಗೆ ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಪರಿಚಯವಿಲ್ಲದ ಗಾಡಿಯಲ್ಲಿ ಮೊದಲ ಸಲ ಕೂತವರು ಗೇರನ್ನು ಹೀಗೆ ಓಲೈಸುವುದಿಲ್ಲ. ಕರಕರ ಅನ್ನಿಸಿ, ಬೈದು, ಆಮೇಲೆ ಕಲಿಯುತ್ತಾರೆ.

ಪಕ್ಕದ ಸೀಟಿನಿಂದ ನಾನು ಅದನ್ನು ನೋಡಿದೆ. ಅವಳೂ ತನ್ನ ಕೈಯನ್ನು ತಾನೇ ನೋಡಿಕೊಂಡಳು.

“ವೇದಾಂಟಿ,” ಅಂದಳು. “ಯೇ ಪಪ್ಪಾ ಕೀ ಗಾಡಿ ಹೈ.”

“ಮೆಲ್ಲ ಮಾತಾಡು ಮಾರಾಯ್ತಿ. ಹಿಂದೆ ಅವ ಇದ್ದಾನೆ.”

ಹಿಂದಿನ ಸೀಟಿನಲ್ಲಿ ಗಾಡಿ ಮಾರುವ ಸೈದಪ್ಪ ಕಿವಿಗೆ ಫೋನು ಒತ್ತಿಕೊಂಡು ಕೂತಿದ್ದ. “ಹೂಂರಿ, ಬಂದಾರ್ರಿ. ಇಬ್ಬರು ಹೆಣ್ಣಮಕ್ಕಳು. ಓಡಿಸಿ ನೋಡಾಕತ್ತಾರ್ರಿ,” ಎಂದು ಯಾರಿಗೋ ಹೇಳುತ್ತಿದ್ದ. ನಮ್ಮ ಮಾತು ಅವನಿಗೆ ಕೇಳಿಸಿರಲಿಲ್ಲ.

ಅವಳ ಅಪ್ಪ ರಘುಪತಿಯ ಗಾಡಿ ನೀಲಿ. ಇದು ಬಿಳಿ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವುದು ನನ್ನ ಕಸುಬಿನ ಮೊದಲ ಪಾಠ. ಅಪಘಾತವಾದ ಗಾಡಿಗಳನ್ನು ಪರೀಕ್ಷಿಸಿ ವಿಮಾ ಕಂಪನಿಗೆ ವರದಿ ಕೊಡುವ ಸರ್ವೇಯರ್ ಆಗಿ ಮೂವತ್ತೊಂದು ವರ್ಷ ದುಡಿದೆ. ಠಾಣೆಯಿಂದ ಪನವೇಲ್‌ವರೆಗಿನ ಗ್ಯಾರೇಜುಗಳಲ್ಲಿ ಬಗ್ಗಿ ಬಗ್ಗಿ ಸೊಂಟ ಹೋಯಿತು. ನಿವೃತ್ತಿಯಾದ ಮೇಲೂ ಡೊಂಬಿವಲಿಯ ನಮ್ಮವರು ಹಳೆಯ ಗಾಡಿ ಕೊಳ್ಳುವಾಗ, ಹುಡುಗಿ ನೋಡಲು ಹಿರಿಯರನ್ನು ಕರೆದೊಯ್ದ ಹಾಗೆ, ಈ ವೇದಾವತಿಯನ್ನು ಕರೆದೊಯ್ಯುತ್ತಾರೆ. ನಿಶಾ ಕರೆದದ್ದು ಮಾತ್ರ ಗಾಡಿ ಕೊಳ್ಳಲಿಕ್ಕಲ್ಲ.

ಕಲ್ಯಾಣದ ಸ್ಟೇಷನ್ ಹತ್ತಿರ ಹೊಟೇಲು ನಡೆಸುತ್ತಿದ್ದ ಅವಳ ಅಪ್ಪ ರಘುಪತಿಯ ಹೆಣ ಜೂನ್ ಇಪ್ಪತ್ತಕ್ಕೆ ಖಾಡಿಯ ಹಿನ್ನೀರಿನಲ್ಲಿ, ಸೇತುವೆಯ ಕೆಳಗೆ ಸಿಕ್ಕಿತು. ತಲೆಗೆ ಪೆಟ್ಟಾಗಿತ್ತು. ಹಾರುವಾಗ ಕಲ್ಲು ಬಡಿದದ್ದು, ಆತ್ಮಹತ್ಯೆ ಎಂದರು ಪೊಲೀಸರು. ಸೋಮವಾರ ಫೈಲು ಮುಚ್ಚುತ್ತಾರೆ, ಇವತ್ತು ಶನಿವಾರ.

ಆತ್ಮಹತ್ಯೆ ಎಂಬ ಮಾತು ಕಿವಿಗೆ ಬಿದ್ದ ದಿನದಿಂದ ಅವನ ಹೆಂಡತಿ ಅನಸೂಯ ಹಾಸಿಗೆ ಬಿಟ್ಟು ಎದ್ದಿಲ್ಲ. ದಿನಕ್ಕೆ ನಾಲ್ಕು ಚಮಚ ಗಂಜಿ, ಅಷ್ಟೇ. ಹದಿಮೂರರ ಊಟಕ್ಕೆ ಬಂದ ನೆಂಟರು ಪಾಯಸ ಉಂಡು, ಕೈ ತೊಳೆಯುತ್ತಾ, ಗಂಡ ಹೆಂಡತಿಗೆ ಏನೋ ಜಗಳ ಇರಬೇಕು ಎಂದು ಆಡಿಕೊಂಡು ಹೋದರು. ನನಗೆ ಆ ಬಾಯಿಗಳನ್ನು ಹೊಲಿದುಬಿಡಬೇಕು ಅನ್ನಿಸಿತ್ತು. ಅಪ್ಪ ತಾನಾಗಿ ಸಾಯಲಿಲ್ಲ ಎಂದು ತೋರಿಸಿಕೊಟ್ಟರೆ ಅಮ್ಮ ಎದ್ದು ಕೂರುತ್ತಾಳೆ, ಇಲ್ಲದಿದ್ದರೆ ಅವಳೂ ಹೋಗುತ್ತಾಳೆ ಎಂದು ನಿಶಾ ನಂಬಿದ್ದಳು. ಅವಳು ನನ್ನ ಮನೆಯ ಬಾಗಿಲು ತಟ್ಟಿದ್ದು ಅದಕ್ಕೇ.

ಹಿಡಿಯಲು ಇದ್ದದ್ದು ಒಂದೇ ಜಾಡು, ಗಾಡಿಯದ್ದು. ಜೂನ್ ಎಂಟರಂದು ಹೊಟೇಲಿನ ಪಾಲುದಾರ ಮಧ್ವರಾಜ ಅದನ್ನು ತೆಗೆದುಕೊಂಡು ಹೋದ, ಮತ್ತೆ ತರಲಿಲ್ಲ ಎಂದು ಅನಸೂಯ ಹೇಳಿದ್ದಳು. ನಾನು ಮುಟ್ಟಿಯೇ ಇಲ್ಲ ಎನ್ನುತ್ತಾನೆ ಮಧ್ವರಾಜ. ಕಾಗದ ಇವತ್ತಿಗೂ ಪುಣೆಯ ಮೊದಲ ಮಾಲೀಕನ ಹೆಸರಿನಲ್ಲೇ ಇರುವುದರಿಂದ ಪೊಲೀಸರು ಆ ಕಡೆ ತಲೆ ಹಾಕಲಿಲ್ಲ.

ಆದರೆ ಅದು ಸ್ಟೇಷನ್ ವ್ಯಾಗನ್ ಆದದ್ದು ನಮ್ಮ ಪುಣ್ಯ. ಕಾರಿನ ಹಾಗೆ ತಗ್ಗಾಗಿ, ಹಿಂದಿನ ಸೂರನ್ನು ಕೊನೆಯವರೆಗೆ ಎಳೆದು, ಡಿಕ್ಕಿಯನ್ನು ಕೋಣೆಯಷ್ಟು ಮಾಡಿದ ಗಾಡಿ. ನಮ್ಮ ಜನಕ್ಕೆ ಇದು ಬೇಡ. ಎತ್ತರದ ಗಾಡಿಯಲ್ಲಿ ಕೂತು ಊರನ್ನೆಲ್ಲ ಕೆಳಗೆ ನೋಡಬೇಕು, ತಿರುವಿನಲ್ಲಿ ವಾಲಾಡಬೇಕು, ಎರಡು ಸೂಟ್‌ಕೇಸ್ ಇಟ್ಟರೆ ಜಾಗ ಮುಗಿಯಬೇಕು. ವ್ಯಾಗನ್ ಕೊಳ್ಳುವುದು ತಲೆಯಲ್ಲಿ ಬುದ್ಧಿ ಇದ್ದವರು, ಅಂಥವರು ಕಡಿಮೆ. ಠಾಣೆಯಿಂದ ಬೇಲಾಪುರದವರೆಗೆ ಹುಡುಕಿದರೂ ಮಾರಾಟಕ್ಕಿದ್ದ ಹಳೆಯ ವ್ಯಾಗನ್ ಮೂರೇ ಮೂರು. ಜಾಹೀರಾತಿನಲ್ಲಿ ನಂಬರು ಅಳಿಸಿರುತ್ತಾರೆ, ಗಿರಾಕಿಯಾಗಿ ಹೋಗಿಯೇ ನೋಡಬೇಕು. ಠಾಣೆಯದ್ದು ಅದಲ್ಲ, ಬೇಲಾಪುರದ್ದೂ ಅಲ್ಲ. ಡೊಂಬಿವಲಿಯ ಕಾರ್ಖಾನೆಗಳ ಪ್ರದೇಶ ಎಂಐಡಿಸಿಯಲ್ಲಿ ಸೈದಪ್ಪನ ಅಂಗಳದ್ದೊಂದು ಉಳಿದಿತ್ತು.

“ಹೆಂಗೈತ್ರಿ ತಂಗಿ?” ಫೋನಿಟ್ಟು ಸೈದಪ್ಪ ಮುಂದಕ್ಕೆ ಬಾಗಿದ. “ಸಾಮಾನು ಟೆಂಪೋದಷ್ಟ ಹಿಡಿತೈತಿ, ಓಡೂದು ಕಾರಿನಂಗ ಓಡತೈತಿ. ಸೀಟ ಮಡಚಿದ್ರ ಆರಡಿ ಮನಶ್ಯಾ ಹಿಂದ ಕಾಲ ಚಾಚಿ ಮಲಗಬೋದು.”

ಅಡುಗೆ ಪಾತ್ರೆ ಸಾಗಿಸಲು ಗಾಡಿ ಬೇಕು, ಆದರೆ ಓಡಿಸಿದರೆ ಮನಸ್ಸಿಗೆ ಖುಷಿಯಾಗಬೇಕು ಎಂದು ನಾವು ಅವನಿಗೆ ಹೇಳಿದ್ದೆವು. ಅದು ಸುಳ್ಳಾದರೂ ಬೇಡಿಕೆ ನ್ಯಾಯವಾದದ್ದೇ. ರಘುಪತಿ ಇದನ್ನು ಕೊಂಡದ್ದೂ ಅದಕ್ಕೆ. ವಾರವೆಲ್ಲ ಸಾಂಬಾರಿನ ಹಂಡೆ, ಭಾನುವಾರ ಬೆಳಿಗ್ಗೆ ಆರಕ್ಕೆ ಮಗಳನ್ನು ಕೂರಿಸಿಕೊಂಡು ಪಾಮ್ ಬೀಚ್ ರಸ್ತೆ. ಅಲ್ಲೇ ಅವಳಿಗೆ ಓಡಿಸಲು ಕಲಿಸಿದ್ದು.

ಕಲ್ಯಾಣ-ಶೀಲ್ ರಸ್ತೆಯಲ್ಲಿ ಮಳೆಗೆ ಬಿದ್ದ ಗುಂಡಿಗಳು, ನಡುವೆ ಮೆಟ್ರೋದ ಕಂಬಗಳು. ನಿಶಾ ಸ್ಟೀರಿಂಗ್ ತುಸು ತಿರುವಿದರೆ ಸಾಕು, ಗಾಡಿ ನೆಲಕ್ಕೆ ಅಂಟಿಕೊಂಡು ಸರಿಯುತ್ತಿತ್ತು. ಹದಿನಾಲ್ಕು ವರ್ಷ ಹಳೆಯದ್ದು ಎಂದು ಹೇಳಲು ಬರುತ್ತಿರಲಿಲ್ಲ. ನೋಡಿಕೊಂಡವನು ಪ್ರೀತಿಯಿಂದ ನೋಡಿಕೊಂಡಿದ್ದ. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

“ಅಂಗಳಕ್ಕೆ ತಿರುಗಿಸು,” ಅಂದೆ. “ಇನ್ನು ನನ್ನ ಕೆಲಸ.”

ತಗಡಿನ ಶೆಡ್ಡಿನ ಕೆಳಗೆ ಗಾಡಿ ನಿಂತಿತು. ಪಕ್ಕದ ಕಾರ್ಖಾನೆಯಿಂದ ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತಿತ್ತು. ನಂಬರ್ ಪ್ಲೇಟಿನ ಮೇಲೆ ಅಂಗಡಿಯ ಹೆಸರಿನ ಹಲಗೆ ಹೊಡೆದಿದ್ದರು. ಅದರ ಮೂಲೆ ಬಾಗಿಸಿ ಇಣುಕಿದೆ. ಕೊನೆಯ ನಾಲ್ಕು ಅಂಕಿ ನಿಶಾ ಬರೆದುಕೊಟ್ಟವೇ ಆಗಿದ್ದವು. ಬಾಗಿಲಿನ ರಬ್ಬರ್ ಎಳೆದು ನೋಡಿದರೆ ಅದರಡಿ ನೀಲಿ ಬಣ್ಣ. ನಿಶಾಳ ಕೈ ಸುಳ್ಳು ಹೇಳಿರಲಿಲ್ಲ.

ಚಾಲಕನ ಸೀಟಿನ ಹಳಿಯ ಮೇಲೆ ಟಾರ್ಚು ಬಿಟ್ಟೆ. ರಘುಪತಿ ಆರಡಿ ಆಳು, ಅವನ ಸೀಟು ಯಾವಾಗಲೂ ಕೊನೆಯ ಹಲ್ಲಿನಲ್ಲಿ. ಆ ಹಲ್ಲು ಸವೆದಿತ್ತು, ಸರಿ. ಆದರೆ ಎಲ್ಲಕ್ಕಿಂತ ಮುಂದಿನ ಹಲ್ಲೂ ಸವೆದು ಹೊಳೆಯುತ್ತಿತ್ತು. ಕುಳ್ಳರು ಯಾರೋ ಇದನ್ನು ತಿಂಗಳುಗಟ್ಟಲೆ ಓಡಿಸಿದ್ದಾರೆ. ಮಧ್ವರಾಜ ಚಪ್ಪಲಿ ಹಾಕಿ ನಿಂತರೂ ಐದಡಿ ಎರಡಂಗುಲ.

ಹಿಂದಿನ ದೊಡ್ಡ ಬಾಗಿಲು ಎತ್ತಿ, ಡಿಕ್ಕಿಯ ಹಾಸು ಮಡಚಿ, ಸ್ಟೆಪ್ನಿ ಚಕ್ರವನ್ನು ಹೊರಗೆ ತೆಗೆಸಿದೆ. ಹಳೆಯ ಗಾಡಿಯಲ್ಲಿ ಸತ್ಯ ಇರುವುದು ಸ್ಟೆಪ್ನಿಯ ಗುಂಡಿಯಲ್ಲಿ. ಮೇಲೆ ಎಷ್ಟು ಒರೆಸಿದರೂ ಅಲ್ಲಿಗೆ ಯಾರ ಕೈಯೂ ಹೋಗುವುದಿಲ್ಲ.

ಒಣಗಿದ ಮಾವಿನ ಎಲೆಗಳು ಮೂರು. ಒಂದು ಹಿಡಿ ಅಕ್ಕಿ. ಗೋಮೂತ್ರದ ಮಾಸದ ವಾಸನೆ. ಮತ್ತೆ ದರ್ಭೆಯ ಎರಡು ಎಳೆ, ಬೆರಳಿಗೆ ಹಾಕಿದ ಪವಿತ್ರವನ್ನು ಬಿಚ್ಚಿ ಎಸೆದದ್ದು. ಗಂಟಿನ ಡೊಂಕು ಇನ್ನೂ ಹಾಗೇ ಇತ್ತು.

“ಇದೆಂತ ಮಾರಾಯ?”

“ಅದಾ?” ಸೈದಪ್ಪನ ಮುಖ ಅರಳಿತು. “ಶುದ್ಧ ಮಾಡ್ಸಿದ ಗಾಡಿ ನೋಡ್ರಿ ಯಕ್ಕಾ! ಗಾಡಿ ನನ್ನ ಕೈಗಿ ಕೊಡೂ ದಿನ ಭಟ್ಟರನ್ನ ಕರ್ಕೊಂಡ ಬಂದಿದ್ರು. ಇಲ್ಲೇ, ಈ ಶೆಡ್ಡಿನ್ಯಾಗ. ಕಳಸ ಇಟ್ಟು, ಮಂತ್ರ ಹೇಳಿ, ಗಾಡಿ ತುಂಬ ನೀರ ಚಿಮಿಕಿಸಿದ್ರು. ಇಂಥಾದ್ದು ನಿಮಗ ಎಲ್ಲೂ ಸಿಗಾಂಗಿಲ್ಲ.”

ಗಾಡಿ ಕೊಂಡವರು ಪೂಜೆ ಮಾಡುತ್ತಾರೆ. ಆಯುಧಪೂಜೆಗೆ ಮಾಡುತ್ತಾರೆ. ಮಾರುವವರು ಭಟ್ಟರನ್ನು ಕರೆಸಿದ್ದನ್ನು ಈ ಜನ್ಮದಲ್ಲಿ ನೋಡಿಲ್ಲ. ಅದೂ ಅಲ್ಲದೆ ಇದು ಪೂಜೆಯೇ ಅಲ್ಲ. ಚಕ್ರಕ್ಕೆ ಲಿಂಬೆ ಇಲ್ಲ, ಬಾನೆಟ್ಟಿಗೆ ಕುಂಕುಮ ಇಲ್ಲ. ಇದು ಪುಣ್ಯಾಹ. ಹುಟ್ಟಿದ ಮನೆಗೆ, ಸತ್ತ ಮನೆಗೆ ಸೂತಕ ಕಳೆಯಲು ನಮ್ಮ ಕಡೆಯವರು ಮಾಡಿಸುವುದು. ಗಾಡಿಯೊಳಗೆ ಯಾರೂ ಹುಟ್ಟಿರಲಾರರು.

ಹೊರಗಿನವರಾದರೆ ರಕ್ತ ಒರೆಸಿ, ಬಣ್ಣ ಬಳಿದು, ಮಾರಿ ಕೈ ತೊಳೆದುಕೊಳ್ಳುತ್ತಿದ್ದರು. ಸಾವಿನ ಮೈಲಿಗೆಯನ್ನು ಇನ್ನೊಬ್ಬರ ಮನೆಗೆ ಕಳಿಸಬಾರದು ಎಂದು ಹೆದರಿ ದರ್ಭೆ ಹಿಡಿಯುವವರು ನಮ್ಮವರೇ.

ನಿಶಾಳನ್ನು ಅಲ್ಲೇ ಬಿಟ್ಟು ನಾನು ಬಾನೆಟ್ ಎತ್ತಿದೆ. ನನ್ನ ಚೀಲದಲ್ಲಿ ಒಂದು ಅಯಸ್ಕಾಂತ ಯಾವಾಗಲೂ ಇರುತ್ತದೆ. ಬಾನೆಟ್ಟಿನ ಎಡಬದಿಗೆ ಇಟ್ಟರೆ ಅದು ಹಿಡಿಯದೆ ಜಾರಿ ಬಿತ್ತು. ತಗಡಿನ ಮೇಲೆ ಅರ್ಧ ಅಂಗುಲ ಪುಟ್ಟಿ, ಕುಳಿ ತುಂಬಲು ಮೆತ್ತುವ ಲೇಪ. ಹೊರಗೆ ಎಷ್ಟು ನುಣುಪು ಮಾಡಿದರೂ ಒಳಗಿನ ಸುತ್ತಿಗೆ ಏಟು ಅಡಗುವುದಿಲ್ಲ. ಕಂಬಕ್ಕೆ ಬಡಿದ ತಗಡು ಮಡಚಿಕೊಳ್ಳುತ್ತದೆ. ಇದು ಮಡಚಿಕೊಂಡದ್ದಲ್ಲ, ಕುಳಿ ಬಿದ್ದದ್ದು. ಒಂದು ತೆಂಗಿನಕಾಯಿಯಷ್ಟು ದೊಡ್ಡ, ಗುಂಡನೆಯ ಕುಳಿ. ಇಂಥವನ್ನು ನಾನು ಎಷ್ಟು ವರದಿಗಳಲ್ಲಿ ಬರೆದಿದ್ದೇನೆ ಎಂದು ನೆನೆಸಿಕೊಂಡರೆ ಊಟ ಸೇರುವುದಿಲ್ಲ.

ಲೆಕ್ಕ ತಾಳೆಯಾಯಿತು. ರಘುಪತಿಯ ತಲೆಯ ಪೆಟ್ಟು ಸೇತುವೆಯ ಕಲ್ಲಿನದ್ದಲ್ಲ. ಅವನದೇ ಗಾಡಿಯಿಂದ ಅವನನ್ನು ಗುದ್ದಿ, ಇದರಲ್ಲೇ ಹೆಣ ಹಾಕಿಕೊಂಡು ಹೋಗಿ ಖಾಡಿಗೆ ಎಸೆದಿದ್ದಾರೆ. ಆಮೇಲೆ ಬಣ್ಣ, ಆಮೇಲೆ ಪುಣ್ಯಾಹ.

ತಡೆದುಕೊಳ್ಳಬೇಕಿತ್ತು. ವರದಿ ಪೂರ್ತಿಯಾಗುವ ಮೊದಲು ಬಾಯಿ ಬಿಡಬಾರದೆಂದು ಎಷ್ಟು ಜನ ಕಿರಿಯರಿಗೆ ಪಾಠ ಹೇಳಿದವಳು ನಾನು. ಆ ಹುಡುಗಿಯ ಮುಖ ನೋಡಿ ನನಗೆ ಆಗಲಿಲ್ಲ. ಪಕ್ಕಕ್ಕೆ ಕರೆದು ಎಲ್ಲ ಹೇಳಿಬಿಟ್ಟೆ.

ನಿಶಾ ಎರಡೂ ಕೈಯಲ್ಲಿ ನನ್ನ ತೋಳು ಹಿಡಿದುಕೊಂಡಳು. “ಮತಲಬ್… ಪಪ್ಪಾ ನೇ ಖುದ್ ನಹೀ ಕಿಯಾ?”

“ಇಲ್ಲ ಮಗಾ. ಅವನನ್ನು ಕೊಂದದ್ದು.”

ತಂದೆಯನ್ನು ಕೊಂದರು ಎಂದು ಕೇಳಿ ಮಗಳೊಬ್ಬಳು ಸಮಾಧಾನಪಟ್ಟುಕೊಳ್ಳುವುದನ್ನು ನಾನು ಅವತ್ತು ನೋಡಿದೆ. ಅವಳು ಗೋಡೆಗೆ ಒರಗಿ ಅತ್ತಳು. “ಅಮ್ಮನಿಗೆ ಹೇಳಬೇಕು, ಈಗಲೇ ಹೇಳಬೇಕು,” ಎಂದು ತನಗೆ ಬರುವ ಅಷ್ಟು ಕನ್ನಡದಲ್ಲಿ ಮತ್ತೆ ಮತ್ತೆ ಅಂದಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು, “ಲೇಕಿನ್ ಮಧ್ವರಾಜ್ ಅಂಕಲ್ ತೋ ಮಂದಿರ್ ಭೀ ನಹೀ ಜಾತೇ. ಅವರು ಭಟ್ಟರನ್ನು ಕರೀತಾರಾ?”

“ಸಂಕಟ ಬಂದಾಗ ವೆಂಕಟರಮಣ,” ಅಂದೆ. ಆದರೂ ಆ ಪ್ರಶ್ನೆ ನನಗೆ ಚುಚ್ಚಿತು.

ಸೈದಪ್ಪ ಚಹಾದ ಮೂರು ಲೋಟ ಹಿಡಿದುಕೊಂಡು ಬಂದ. ನಾನು ಲೋಟ ಮುಟ್ಟಲಿಲ್ಲ.

“ಗಾಡಿ ಕೊಟ್ಟದ್ದು ಯಾರು?”

“ಅದು ಹೇಳೂದಿಲ್ರಿ. ಹೆಸರ ತಗೀಬ್ಯಾಡ ಅಂದಾರ.”

“ಬಾನೆಟ್ಟಿನ ಎಡಗಡೆ ಪುಟ್ಟಿ ಉಂಟಲ್ಲ, ಯಾಕೆ ಅಂತ ಗೊತ್ತುಂಟಾ ನಿನಗೆ?”

“ಎಲ್ಲೋ ಬಡಿದಿರಬೇಕ್ರಿ. ನನಗ ಬಂದಾಗ ಹೀಂಗ ಬಣ್ಣ ಆಗಿ ಬಂದೈತಿ.”

“ಬಡಿದದ್ದು ಮನುಷ್ಯರ ತಲೆಗೆ.”

ಅವನು ಲೋಟ ಹಿಡಿದುಕೊಂಡೇ ಗಾಡಿಯಿಂದ ಒಂದು ಹೆಜ್ಜೆ ಹಿಂದೆ ಸರಿದ.

“ಯಕ್ಕಾರ, ಹಂಗನಬ್ಯಾಡ್ರಿ. ನಾ ಸಿಂದಗಿಂದ ಬಂದು ಇಪ್ಪತ್ತ ವರ್ಷ ಆತು, ಒಂದ ಕಳವಿನ ಗಾಡಿ ಮುಟ್ಟಿದಾವ ಅಲ್ಲ.”

“ಹಾಗಾದರೆ ಹೆಸರು ಹೇಳು. ಇಲ್ಲದಿದ್ದರೆ ನಾನು ಈಗಲೇ ಪೊಲೀಸರಿಗೆ ಫೋನ್ ಮಾಡ್ತೇನೆ. ಸತ್ತವನ ಗಾಡಿ ನಿನ್ನ ಅಂಗಳದಲ್ಲಿ ಉಂಟು. ಬಣ್ಣ ಬಳಿದದ್ದು ನೀನೇ ಅಂತ ಅವರು ಹೇಳಿದರೆ ನಿನ್ನ ಪರವಾಗಿ ಯಾರು ಬರ್ತಾರೆ?”

“ಕೊಟ್ಟವ್ರು ಒಳ್ಳೆ ಮಂದಿ ಅದಾರ್ರಿ! ಅಂಥವ್ರು ಕೊಲಿ ಮಾಡತಾರೇನ್ರಿ? ನೋಡ್ರಿ, ನೀವ ನೋಡ್ರಿ. ಗಿರಾಕಿಗಿ ತೋರ್ಸಾಕ ಬೇಕಂತ ಪುಣ್ಯಾಹದ್ದು ವಿಡಿಯೋ ತಗದೀನಿ.”

ಲೋಟಗಳನ್ನು ನೆಲಕ್ಕಿಟ್ಟು ಫೋನು ನನ್ನ ಕೈಗೆ ಕೊಟ್ಟ. ಮೊದಲು ನೋಡಿದ್ದು ಮೇಲಿನ ತಾರೀಖು, ಅದು ಅಭ್ಯಾಸಬಲ. ಜೂನ್ ಹದಿನೆಂಟು, ಬೆಳಿಗ್ಗೆ ಒಂಬತ್ತು ನಲವತ್ತು.

ರಘುಪತಿ ಕೊನೆಯ ಸಲ ಮನೆಯಿಂದ ಹೊರಟದ್ದು ಹತ್ತೊಂಬತ್ತರ ಸಂಜೆ. ಅಂದರೆ ಪುಣ್ಯಾಹ ಆದಾಗ ಅವನು ಬದುಕಿದ್ದ. ನಾನು ಕಟ್ಟಿದ್ದೆಲ್ಲ ಅಲ್ಲಿಗೇ ಕುಸಿಯಿತು.

ಬೆರಳು ತಾನಾಗಿ ವಿಡಿಯೋ ಒತ್ತಿತು. ಇದೇ ಶೆಡ್ಡು. ಹಿಂದೆ ಬಿಳಿ ಗಾಡಿ, ದೊಡ್ಡ ಬಾಗಿಲು ತೆರೆದಿದೆ. ಭಟ್ಟರ ಬೆನ್ನು. ಮಣೆಯ ಮೇಲೆ ಶಲ್ಯ ಹೊದ್ದು ತಲೆ ತಗ್ಗಿಸಿ ಕೂತ ಉದ್ದನೆಯ ಆಳು. ಭಟ್ಟರು ತೀರ್ಥ ಪ್ರೋಕ್ಷಿಸಲು ಪಕ್ಕಕ್ಕೆ ಸರಿದಾಗ ಅವನು ಮುಖ ಎತ್ತಿದ.

“ಪಪ್ಪಾ,” ಎಂದಳು ನಿಶಾ ನನ್ನ ಭುಜದ ಹಿಂದಿನಿಂದ.

ರಘುಪತಿಯೇ. ಬೆರಳಿಗೆ ದರ್ಭೆಯ ಪವಿತ್ರ. ತಾನು ಪ್ರೀತಿಯಿಂದ ಸಾಕಿದ ಗಾಡಿಯ ಮೈಲಿಗೆಯನ್ನು ತಾನೇ ಕೂತು ಕಳೆಯುತ್ತಿದ್ದಾನೆ. ಗಾಡಿ ಗುದ್ದಿದ ತಲೆ ಅವನದಲ್ಲ. ಬೇರೆ ಯಾರದೋ. ಅವನಿಗೆ ಅದು ಗೊತ್ತಿತ್ತು. ಗೊತ್ತಿದ್ದು, ಪುಣ್ಯಾಹದ ಮರುದಿನ ಸಂಜೆ ತಾನಾಗಿಯೇ ಸೇತುವೆಗೆ ಹೋಗಿದ್ದ.

ಮಗಳಿಗೆ ನಾನು ಕೊಟ್ಟ ಸಮಾಧಾನ ಕಾಲು ಗಂಟೆಯೂ ಉಳಿಯಲಿಲ್ಲ. ನನ್ನ ನಾಲಿಗೆಯ ಮೇಲೆ ನನಗೇ ಹೇಸಿಗೆಯಾಯಿತು.

“ಔರ್ ಯೇ ಕೌನ್ ಹೈ?” ನಿಶಾ ಪರದೆಯ ಮೂಲೆಯನ್ನು ತೋರಿಸಿದಳು.

ಸಂಕಲ್ಪ ಮಾಡುವಾಗ ಹೆಂಡತಿ ಗಂಡನ ಬಲಕ್ಕೆ ಕೂತು ದರ್ಭೆಯಿಂದ ಅವನ ತೋಳನ್ನು ಮುಟ್ಟಿಕೊಂಡಿರಬೇಕು. ರಘುಪತಿಯ ಬಲ ತೋಳಿಗೆ ಒಂದು ದರ್ಭೆ ತಾಗಿತ್ತು. ಅದನ್ನು ಹಿಡಿದ ಕೈ, ಹಸಿರು ಬಳೆ, ಕಂದು ಸೀರೆಯ ಸೆರಗು. ಕ್ಯಾಮರಾ ಅರ್ಧ ಅಡಿ ಸರಿಯಿತು. ಅನಸೂಯ ನೆಟ್ಟ ಕಣ್ಣಿನಿಂದ ಗಾಡಿಯ ತೆರೆದ ಡಿಕ್ಕಿಯನ್ನು ನೋಡುತ್ತಿದ್ದಳು.

ಮಧ್ವರಾಜ ಗಾಡಿ ಒಯ್ದ, ಮತ್ತೆ ಅದನ್ನು ನೋಡಲೇ ಇಲ್ಲ ಎಂದು ಹಾಸಿಗೆಯಲ್ಲಿ ಮಲಗಿ ನಮಗೆ ಹೇಳಿದ ಅನಸೂಯ.

“ಇದೇ ಅಮ್ಮಾರ ನೋಡ್ರಿ,” ಎಂದ ಸೈದಪ್ಪ, ತನ್ನ ಮಾತಿಗೆ ಸಾಕ್ಷಿ ಸಿಕ್ಕಿತೆಂಬಂತೆ. “ಯಾರರ ಗಾಡಿ ನೋಡಾಕ ಬಂದ್ರ ತಿಳಸು, ಒಳ್ಳೆ ಮನಿಗಿ ಹೋಗಬೇಕು ಅಂತ ಹೇಳಿದ್ರು. ನೀವು ಓಡಸೂವಾಗ ಫೋನ್ ಮಾಡಿನ್ರಿ. ಬರ್ತೀನಿ ಅಂದ್ರು.”

“ಬರ್ತೇನೆ ಅಂದಳಾ?” ನನಗೆ ನಂಬಿಕೆ ಬರಲಿಲ್ಲ. ಬೆಳಿಗ್ಗೆ ಬಚ್ಚಲಿಗೆ ಹೋಗಲೂ ಅವಳಿಗೆ ನಿಶಾಳ ಹೆಗಲು ಬೇಕಾಗಿತ್ತು.

ಅಂಗಳದ ಗೇಟಿನ ಎದುರು ರಿಕ್ಷಾ ನಿಂತಿತು. ಅನಸೂಯ ಇಳಿದಳು. ಯಾರ ಆಸರೆಯೂ ಇಲ್ಲದೆ, ಕೆಸರು ದಾಟಿಕೊಂಡು, ನೆಟ್ಟಗೆ ನಮ್ಮ ಕಡೆಗೇ ನಡೆದು ಬಂದಳು. ನನ್ನ ಎದೆಯವರೆಗೆ ಬರುವಷ್ಟು ಎತ್ತರದ ಹೆಂಗಸು. ಸ್ಕೂಟರಿನ ಹಿಂದೆ ಕೂರಲೂ ಹೆದರುವವಳೆಂದು ನಾವೆಲ್ಲ ಮೂವತ್ತು ವರ್ಷ ತಮಾಷೆ ಮಾಡಿದ್ದೆವು.

ನಿಶಾ ಫೋನನ್ನು ಅವಳ ಮುಖಕ್ಕೆ ಹಿಡಿದಳು. “ಯೇ ಕ್ಯಾ ಹೈ, ಅಮ್ಮ? ಪಪ್ಪಾ ಯಾರನ್ನು ಕೊಂದ್ರು?”

ಅನಸೂಯ ಪರದೆಯನ್ನು ನೋಡಲಿಲ್ಲ. ಬಾನೆಟ್ಟಿನ ಎಡಬದಿಗೆ ಅಂಗೈ ಇಟ್ಟಳು.

“ನಿನ್ನ ಅಪ್ಪ ಯಾರನ್ನೂ ಕೊಲ್ಲಲಿಲ್ಲ. ಅವರಿಗೆ ಒಂದು ಇರುವೆ ಮೆಟ್ಟಿದರೂ ಆಗ್ತಿರಲಿಲ್ಲ.”

“ಹಾಗಾದರೆ ಯಾರು ಅನಸೂಯ?” ಅಂದೆ ನಾನು.

ಅವಳು ಸೈದಪ್ಪನ ಕೈಯಿಂದ ಕೀಲಿ ತೆಗೆದುಕೊಂಡಳು. ಚಾಲಕನ ಬಾಗಿಲು ತೆರೆದು ಕೂತು, ಸೀಟನ್ನು ಎಲ್ಲಕ್ಕಿಂತ ಮುಂದಿನ ಹಲ್ಲಿಗೆ ಎಳೆದುಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕನ್ನಡಿಯನ್ನು ತನ್ನ ಕಣ್ಣಿನ ಮಟ್ಟಕ್ಕೆ ತಿರುಗಿಸಿದಳು. ಇಂಜಿನ್ ಶುರುವಾಯಿತು. ಎರಡು ಗಾಡಿಗಳ ನಡುವಿನ ಇಕ್ಕಟ್ಟಿನಿಂದ ಆ ಉದ್ದನೆಯ ವ್ಯಾಗನ್ನನ್ನು ಒಂದೇ ಸಲಕ್ಕೆ ಹಿಂದೆ ತೆಗೆದು ನಮ್ಮ ಪಕ್ಕದಲ್ಲಿ ನಿಲ್ಲಿಸಿದಳು. ಸೈದಪ್ಪ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

“ಹತ್ತಿ ಇಬ್ಬರೂ,” ಅಂದಳು. “ನನ್ನ ಕೈಯ ಗಾಡಿಗೆ ಸಿಕ್ಕಿ ಸತ್ತ ಹುಡುಗಿ ಇನ್ನೂ ನಾವು ಬಿಟ್ಟು ಬಂದಲ್ಲೇ ಇದ್ದಾಳೆ.”